ಔಷಧಿ ಹೊಡೆದವರಿಗೆ ಕಣ್ಣು, ಬಾಯಿ, ಎದೆ ಒಟ್ಟಿಗೆ ಕೆಡುವುದೇಕೆ? ಸ್ವಾಯತ್ತ ನರಮಂಡಲ ಕೆಲಸ ಮಾಡುವ ಬಗೆ

ಮುಂಗಾರು ಹಿಡಿದು ಬೆಳೆ ಮೊಣಕಾಲೆತ್ತರ ಬಂದರೆ ಹೊಲಗಳಲ್ಲಿ ಔಷಧಿ ಹೊಡೆಯುವ ಕೆಲಸ ಶುರುವಾಗುತ್ತದೆ. ಬೆನ್ನಿಗೆ ಹಾಕಿದ ಪಂಪಿನ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ, ಸೋರಿ ಅಂಗಿ ಒದ್ದೆಯಾಗುತ್ತದೆ. ನಾಝಲ್ ಕಟ್ಟಿಕೊಂಡರೆ ಕೆಲವರು ಬಾಯಲ್ಲೇ ಊದಿ ಬಿಡಿಸುತ್ತಾರೆ. ಸಂಜೆ ಹೊತ್ತಿಗೆ ತಲೆಸುತ್ತು, ವಾಂತಿ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ಮೊದಲು ಟಾರ್ಚ್ ಹಾಕಿ ಕಣ್ಣಿನ ಪಾಪೆ ನೋಡುತ್ತಾರೆ. ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ. ನಾಡಿ ಎಣಿಸುತ್ತಾರೆ. ಆಮೇಲೆ ಕಂಕುಳಿಗೆ ಕೈ ಹಾಕಿ ಒದ್ದೆಯಿದೆಯಾ, ಒಣಗಿದೆಯಾ ಅಂತ ಮುಟ್ಟಿ ನೋಡುತ್ತಾರೆ.

ಪಕ್ಕದಲ್ಲಿ ನಿಂತ ಮನೆಯವರಿಗೆ ಇದು ಅರ್ಥವಾಗುವುದಿಲ್ಲ. ವಿಷ ಹೋಗಿರುವುದು ಮೈಗೆ, ಕಂಕುಳಿಗೂ ಅದಕ್ಕೂ ಏನು ಸಂಬಂಧ? ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ, ಹೊಟ್ಟೆಯಲ್ಲಿ ನುಲಿತ, ಭೇದಿ, ನಿಧಾನವಾದ ನಾಡಿ, ಸಾಸಿವೆಯಷ್ಟಾದ ಪಾಪೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಅಂಗಗಳು ಒಂದೇ ಹೊತ್ತಿಗೆ ಕೆಡುವುದು ಯಾಕೆ?

ಯಾಕೆಂದರೆ ಈ ಎಲ್ಲ ಅಂಗಗಳೂ ಒಂದೇ ರಾಸಾಯನಿಕದ ಮಾತು ಕೇಳುತ್ತವೆ. ಆ ರಾಸಾಯನಿಕವನ್ನು ಹೊತ್ತು ತರುವ ನರಗಳ ವ್ಯವಸ್ಥೆಯ ಹೆಸರು ಸ್ವಾಯತ್ತ ನರಮಂಡಲ. ಬಿಪಿ ಮಾತ್ರೆ, ದಮ್ಮಿನ ಇನ್‌ಹೇಲರ್, ಪ್ರಾಸ್ಟೇಟ್ ಮಾತ್ರೆ, ಕಣ್ಣಿನ ಡ್ರಾಪ್ಸ್, ನೆಗಡಿ ಮಾತ್ರೆ, ಹೀಗೆ ಮನೆಯ ಡಬ್ಬಿಯಲ್ಲಿರುವ ಎಷ್ಟೋ ಔಷಧಿಗಳು ಕೆಲಸ ಮಾಡುವುದು ಈ ವ್ಯವಸ್ಥೆಯ ಮೇಲೆಯೇ. ಇದನ್ನು ಒಮ್ಮೆ ತಿಳಿದುಕೊಂಡರೆ ಆ ಮಾತ್ರೆಗಳ ಅಡ್ಡಪರಿಣಾಮಗಳೂ ತಾವಾಗಿ ಅರ್ಥವಾಗುತ್ತವೆ.

ನಾವು ಹೇಳದೆ ನಡೆಯುವ ಕೆಲಸಗಳು

ಕೈ ಎತ್ತಬೇಕು ಅಂದುಕೊಂಡರೆ ಎತ್ತಬಹುದು. ಪಾಪೆ ಚಿಕ್ಕದಾಗಲಿ ಅಂತ ಎಷ್ಟು ಅಂದುಕೊಂಡರೂ ಆಗುವುದಿಲ್ಲ. ಕೈಯ ಸ್ನಾಯುವಿಗೆ ಹೋಗುವ ನರಗಳು ನಮ್ಮ ಇಚ್ಛೆಗೆ ಒಳಪಟ್ಟವು. ಹೃದಯ, ರಕ್ತನಾಳ, ಶ್ವಾಸನಾಳ, ಕರುಳು, ಮೂತ್ರಕೋಶ, ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ, ಕಣ್ಣಿನ ಪಾಪೆ ಇವುಗಳಿಗೆ ಹೋಗುವ ನರಗಳು ಹಾಗಲ್ಲ. ನಾವು ಮಲಗಿದ್ದರೂ, ಪ್ರಜ್ಞೆ ತಪ್ಪಿದ್ದರೂ ಅವು ಕೆಲಸ ಮಾಡುತ್ತಲೇ ಇರುತ್ತವೆ.

ಹಾಗಂತ ಇವುಗಳ ಮೇಲೆ ಯಾರ ಹಿಡಿತವೂ ಇಲ್ಲ ಅಂತಲ್ಲ. ಮಿದುಳಿನ ಬುಡದಲ್ಲಿರುವ ಮೆಡುಲ್ಲಾ, ಅದರ ಮೇಲಿರುವ ಹೈಪೋಥಲಾಮಸ್ ಎಂಬ ಭಾಗಗಳು ಸದಾ ಲೆಕ್ಕ ತೆಗೆದುಕೊಳ್ಳುತ್ತಿರುತ್ತವೆ. ರಕ್ತದ ಒತ್ತಡ ಎಷ್ಟಿದೆ, ಮೈ ಎಷ್ಟು ಬಿಸಿಯಿದೆ, ಮೂತ್ರಕೋಶ ತುಂಬಿದೆಯಾ ಎಂಬ ವರದಿ ಅಲ್ಲಿಗೆ ಹೋಗುತ್ತದೆ, ಆದೇಶ ಅಲ್ಲಿಂದ ಬರುತ್ತದೆ.

ಹಾಸಿಗೆಯಿಂದ ಎದ್ದು ನಿಲ್ಲುವುದನ್ನೇ ತೆಗೆದುಕೊಳ್ಳಿ. ನಿಂತ ಕೂಡಲೇ ಅರ್ಧ ಲೀಟರಿನಷ್ಟೋ ಅದಕ್ಕಿಂತ ಜಾಸ್ತಿಯೋ ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಹಾಗೇ ಬಿಟ್ಟರೆ ಮಿದುಳಿಗೆ ರಕ್ತ ಸಾಲದೆ ನಾವು ಬೀಳಬೇಕು. ಬೀಳುವುದಿಲ್ಲ. ಕತ್ತಿನ ದೊಡ್ಡ ರಕ್ತನಾಳದಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಇಳಿಯಿತು ಅಂತ ಅವು ಮೆಡುಲ್ಲಾಗೆ ಸುದ್ದಿ ಮುಟ್ಟಿಸುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಕಾಲಿನ ಮತ್ತು ಹೊಟ್ಟೆಯ ರಕ್ತನಾಳಗಳು ಬಿಗಿಯಾಗುತ್ತವೆ, ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ದಿನಕ್ಕೆ ಎಷ್ಟು ಸಲ ಏಳುತ್ತೇವೋ ಅಷ್ಟು ಸಲವೂ ಇದು ನಡೆಯುತ್ತದೆ.

ನಡುವೆ ಬಸ್ ಬದಲಾಯಿಸುವ ನರಗಳು

ಕೈಕಾಲಿನ ಸ್ನಾಯುಗಳಿಗೆ ಬೆನ್ನುಹುರಿಯಿಂದ ಒಂದೇ ನರತಂತು ನೇರವಾಗಿ ಹೋಗುತ್ತದೆ. ಸ್ವಾಯತ್ತ ನರಮಂಡಲದಲ್ಲಿ ಹಾಗಲ್ಲ. ಇಲ್ಲಿ ಎರಡು ನರಕೋಶಗಳು ಬೇಕು. ಮೊದಲನೆಯದು ಮಿದುಳಿನಿಂದಲೋ ಬೆನ್ನುಹುರಿಯಿಂದಲೋ ಹೊರಟು ಒಂದು ನರಗಂಟಿಗೆ ಬರುತ್ತದೆ. ನರಗಂಟು ಅಂದರೆ ನರಕೋಶಗಳು ಗುಂಪಾಗಿ ಕೂತಿರುವ ಜಾಗ. ಅಲ್ಲಿಂದ ಎರಡನೆಯ ನರಕೋಶ ಹೊರಟು ಅಂಗವನ್ನು ತಲುಪುತ್ತದೆ. ಬೆಂಗಳೂರಿನಿಂದ ಹಳ್ಳಿಗೆ ಹೋಗುವವರು ನಡುವೆ ಒಂದು ಕಡೆ ಬಸ್ ಬದಲಾಯಿಸುತ್ತಾರಲ್ಲ, ಹಾಗೆ.

ಎಲ್ಲಿ ಬದಲಾಯಿಸುತ್ತಾರೆ ಎಂಬುದರಲ್ಲೇ ಸ್ವಾಯತ್ತ ನರಮಂಡಲದ ಎರಡು ಮುಖ್ಯ ಭಾಗಗಳ ವ್ಯತ್ಯಾಸ ಇದೆ.

ಸಿಂಪಥೆಟಿಕ್ ಎಂಬ ಭಾಗದ ನರಗಳು ಬೆನ್ನುಹುರಿಯ ಎದೆಯ ಮಟ್ಟದಿಂದ ಸೊಂಟದ ಮೇಲ್ಭಾಗದವರೆಗೆ ಹೊರಡುತ್ತವೆ. ಬೆನ್ನುಮೂಳೆಯ ಎರಡೂ ಬದಿಗೆ ಕತ್ತಿನಿಂದ ಕೆಳಗಿನವರೆಗೆ ನರಗಂಟುಗಳ ಸಾಲಿದೆ. ಹೆಚ್ಚಿನವು ಹೊರಟ ಕೂಡಲೇ ಇಲ್ಲೇ ಬದಲಾಯಿಸಿಕೊಳ್ಳುತ್ತವೆ. ಮನೆ ಬಿಟ್ಟು ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ದೂರದ ಬಸ್ ಹತ್ತಿದ ಹಾಗೆ: ಮೊದಲ ತಂತು ಗಿಡ್ಡ, ಎರಡನೆಯದು ಉದ್ದ. ಈ ನರಗಂಟುಗಳಲ್ಲಿ ಒಂದು ತಂತು ಹಲವು ನರಕೋಶಗಳಿಗೆ ಸುದ್ದಿ ಹಂಚುತ್ತದೆ. ಅದಕ್ಕೇ ಹಾವು ಕಂಡ ಕ್ಷಣ ಎದೆ ಬಡಿತ, ಬೆವರು, ಅರಳಿದ ಪಾಪೆ, ನಿಮಿರಿದ ರೋಮ ಎಲ್ಲ ಒಟ್ಟಿಗೆ ಬರುವುದು.

ಪ್ಯಾರಾಸಿಂಪಥೆಟಿಕ್ ಭಾಗದ್ದು ಇದಕ್ಕೆ ತದ್ವಿರುದ್ಧ. ಇದರ ನರಗಳು ಎರಡು ತುದಿಗಳಿಂದ ಹೊರಡುತ್ತವೆ. ಮೇಲೆ ಮಿದುಳಿನಿಂದ ಬರುವ 3, 7, 9 ಮತ್ತು 10ನೇ ನರಗಳ ಜೊತೆ, ಕೆಳಗೆ ಬೆನ್ನುಹುರಿಯ ತುದಿಯ ಹತ್ತಿರದಿಂದ. ಇವು ಉದ್ದಕ್ಕೆ ಪ್ರಯಾಣ ಮಾಡಿ, ಅಂಗದ ಪಕ್ಕದಲ್ಲೋ ಅಂಗದ ಗೋಡೆಯೊಳಗೋ ಇರುವ ನರಗಂಟಿನಲ್ಲಿ ಬದಲಾಯಿಸಿಕೊಳ್ಳುತ್ತವೆ. ತಾಲ್ಲೂಕಿನವರೆಗೆ ಒಂದೇ ಬಸ್ಸಿನಲ್ಲಿ ಬಂದು, ಕೊನೆಯ ನಾಲ್ಕು ಮೈಲಿಗೆ ಹಳ್ಳಿ ಬಸ್ ಹಿಡಿದ ಹಾಗೆ. ಹೀಗಾಗಿ ಇವುಗಳ ಸುದ್ದಿ ಆಯಾ ಅಂಗಕ್ಕೆ ಮಾತ್ರ ಮುಟ್ಟುತ್ತದೆ, ಮೈತುಂಬ ಹರಡುವುದಿಲ್ಲ.

ಈ 10ನೇ ನರವೇ ವೇಗಸ್. ಪ್ಯಾರಾಸಿಂಪಥೆಟಿಕ್ ತಂತುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದರಲ್ಲೇ ಸಾಗುತ್ತವೆ. ತಲೆಬುರುಡೆಯ ಬುಡದಿಂದ ಹೊರಟು ಕತ್ತು, ಎದೆ ದಾಟಿ ಹೊಟ್ಟೆಯವರೆಗೆ ಹೋಗುತ್ತದೆ. ಹೃದಯ, ಶ್ವಾಸಕೋಶ, ಜಠರ, ಕರುಳಿನ ಬಹುಭಾಗ ಎಲ್ಲಕ್ಕೂ ಇದರ ಕವಲುಗಳಿವೆ.

ಸಿಂಪಥೆಟಿಕ್ ಅಂದರೆ ಓಡು, ಪ್ಯಾರಾಸಿಂಪಥೆಟಿಕ್ ಅಂದರೆ ವಿಶ್ರಾಂತಿ ತಗೋ ಅಂತ ಸುಲಭವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಎರಡೂ ಸದಾ ಕೆಲಸದಲ್ಲಿರುತ್ತವೆ. ಹೃದಯವನ್ನೇ ನೋಡಿ. ಯಾವ ನರದ ಹಂಗೂ ಇಲ್ಲದೆ ಬಿಟ್ಟರೆ ಹೃದಯ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ ನಮ್ಮ ನಾಡಿ 70ರ ಆಸುಪಾಸು ಇರುತ್ತದೆ ಅಂದರೆ, ವೇಗಸ್ ಅದನ್ನು ಹಗಲು ರಾತ್ರಿ ತಗ್ಗಿಸಿ ಹಿಡಿದಿದೆ ಅಂತ ಅರ್ಥ. ಹೃದಯ ಕಸಿ ಮಾಡುವಾಗ ಈ ನರಗಳನ್ನು ಕತ್ತರಿಸಲೇಬೇಕು. ಅದಕ್ಕೇ ಕಸಿ ಮಾಡಿಸಿಕೊಂಡವರ ನಾಡಿ ವಿಶ್ರಾಂತಿಯಲ್ಲೂ 90ರಿಂದ 110ರ ನಡುವೆ ಇರುತ್ತದೆ.

ಎರಡು ಕಪ್ಪೆ ಹೃದಯಗಳು

ನರದಲ್ಲಿ ಹರಿಯುವುದು ವಿದ್ಯುತ್ ಸಂಕೇತ. ಆದರೆ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಸಂದು ಇದೆ. ನರಗಂಟಿನಲ್ಲಿ ಅದು ಸುಮಾರು 20 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು 50 ಸಾವಿರ ಪಾಲು ಮಾಡಿದರೆ ಸಿಗುವ ಒಂದು ಪಾಲು. ಇಷ್ಟು ಸಣ್ಣ ಸಂದನ್ನು ಸಂಕೇತ ದಾಟುವುದು ಹೇಗೆ? ವಿದ್ಯುತ್ತೇ ಹಾರುತ್ತದೆ ಅಂತ ಕೆಲವರು, ರಾಸಾಯನಿಕ ಒಯ್ಯುತ್ತದೆ ಅಂತ ಕೆಲವರು ನೂರು ವರ್ಷದ ಹಿಂದೆ ವಾದ ಮಾಡುತ್ತಿದ್ದರು.

ಇದಕ್ಕೆ ಉತ್ತರ ಕೊಟ್ಟವರು ಆಸ್ಟ್ರಿಯಾದ ಗ್ರಾಟ್ಸ್ ನಗರದ ಆಟೋ ಲೋವಿ. 1921ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹಳ ಸರಳ. ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿ ಬಡಿಯುತ್ತಾ ಇಟ್ಟರು. ಒಂದಕ್ಕೆ ವೇಗಸ್ ನರ ಅಂಟಿಕೊಂಡೇ ಇತ್ತು, ಇನ್ನೊಂದಕ್ಕೆ ನರ ಇರಲಿಲ್ಲ. ಮೊದಲನೆಯದರ ವೇಗಸ್‌ಗೆ ವಿದ್ಯುತ್ ಕೊಟ್ಟಾಗ ಅದರ ಬಡಿತ ನಿಧಾನವಾಯಿತು. ಆ ಹೃದಯ ಇದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು! ನರದ ತುದಿಯಿಂದ ಯಾವುದೋ ವಸ್ತು ದ್ರವಕ್ಕೆ ಇಳಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಈ ಪ್ರಯೋಗ ಮಾಡುವ ಬಗೆ ತಮಗೆ ಕನಸಿನಲ್ಲಿ ಹೊಳೆಯಿತು ಎಂದು ಲೋವಿ ಆಮೇಲೆ ಹೇಳಿದ್ದಾರೆ. ಮೊದಲ ರಾತ್ರಿ ಎದ್ದು ಗೀಚಿಟ್ಟ ಟಿಪ್ಪಣಿ ಬೆಳಗ್ಗೆ ಓದಲಾಗಲಿಲ್ಲ. ಮರುದಿನ ರಾತ್ರಿ ಮತ್ತೆ ಅದೇ ಹೊಳೆದಾಗ ನೇರವಾಗಿ ಪ್ರಯೋಗಾಲಯಕ್ಕೆ ಹೋದರಂತೆ.

ಆ ವಸ್ತು ಅಸಿಟೈಲ್‌ಕೋಲಿನ್. ಇಂಗ್ಲೆಂಡಿನ ಹೆನ್ರಿ ಡೇಲ್ ಅದರ ಗುಣಗಳನ್ನು 1914ರಲ್ಲೇ ವಿವರಿಸಿದ್ದರು. 1936ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಯಹೂದಿಯಾಗಿದ್ದ ಲೋವಿಯವರನ್ನು 1938ರಲ್ಲಿ ನಾಝಿಗಳು ಜೈಲಿಗೆ ಹಾಕಿ, ದೇಶ ಬಿಡುವ ಮೊದಲು ನೊಬೆಲ್ ಹಣವನ್ನೂ ಕಿತ್ತುಕೊಂಡರು. ಇವತ್ತು ವಿಷ ಹತ್ತಿದ ರೈತನ ಜೀವ ಉಳಿಸುವ ವಿಜ್ಞಾನದ ಬುಡದಲ್ಲಿ ಈ ಮನುಷ್ಯನ ಕೆಲಸ ಇದೆ. ಅದನ್ನು ನೆನೆಯಬೇಕು ಅನಿಸುತ್ತದೆ.

ಎರಡನೆಯ ಮುಖ್ಯ ರಾಸಾಯನಿಕ ನಾರ್‌ಅಡ್ರಿನಲಿನ್. ಸಿಂಪಥೆಟಿಕ್ ನರಗಳು ಬಿಡುವುದು ಇದನ್ನೇ ಎಂದು 1946ರಲ್ಲಿ ತೋರಿಸಿದವರು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್.

ಯಾವ ತುದಿಯಲ್ಲಿ ಯಾವುದು

ಇದನ್ನು ನೆನಪಿಡುವುದು ಕಷ್ಟವಲ್ಲ. ಮೊದಲ ತಂತು ನರಗಂಟಿನಲ್ಲಿ ಬಿಡುವುದು ಯಾವಾಗಲೂ ಅಸಿಟೈಲ್‌ಕೋಲಿನ್, ಎರಡೂ ಭಾಗಗಳಲ್ಲಿ. ಎರಡನೆಯ ತಂತು ಅಂಗದ ಹತ್ತಿರ ಬಿಡುವುದು ಪ್ಯಾರಾಸಿಂಪಥೆಟಿಕ್‌ನಲ್ಲಿ ಅಸಿಟೈಲ್‌ಕೋಲಿನ್, ಸಿಂಪಥೆಟಿಕ್‌ನಲ್ಲಿ ನಾರ್‌ಅಡ್ರಿನಲಿನ್.

ಇದಕ್ಕೆ ಎರಡು ದೊಡ್ಡ ಅಪವಾದಗಳಿವೆ. ಒಂದು, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಳಭಾಗ. ಅಲ್ಲಿಗೆ ಮೊದಲ ತಂತು ನೇರವಾಗಿ ಬರುತ್ತದೆ, ಎರಡನೆಯದು ಇಲ್ಲವೇ ಇಲ್ಲ. ಗ್ರಂಥಿಯೇ ಅಡ್ರಿನಲಿನ್ ಅನ್ನು ರಕ್ತಕ್ಕೆ ಸುರಿಯುತ್ತದೆ, ಜೊತೆಗೆ ಒಂದಿಷ್ಟು ನಾರ್‌ಅಡ್ರಿನಲಿನ್. ನರ ಇಲ್ಲದ ಜಾಗಕ್ಕೂ ಅದು ರಕ್ತದ ಮೂಲಕ ಮುಟ್ಟುತ್ತದೆ. ಎರಡನೆಯ ಅಪವಾದ ಬೆವರಿನ ಗ್ರಂಥಿ. ಅದಕ್ಕೆ ಬರುವುದು ಸಿಂಪಥೆಟಿಕ್ ನರ, ಆದರೆ ಆ ನರ ಬಿಡುವುದು ಅಸಿಟೈಲ್‌ಕೋಲಿನ್. ಪರೀಕ್ಷೆಯಲ್ಲಿ ಕೇಳುವ ಒಂದು ಅಂಕದ ಪ್ರಶ್ನೆ ಅಂತ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಮಾತ್ರ ಇದು ಬಹಳ ದೊಡ್ಡ ವಿಷಯ. ಮುಂದೆ ಎರಡು ಸಲ ನಮಗೆ ಬೇಕಾಗುತ್ತದೆ.

ನರದ ತುದಿಯಲ್ಲಿ ಈ ರಾಸಾಯನಿಕಗಳು ಸಣ್ಣ ಸಣ್ಣ ಗುಳ್ಳೆಗಳಲ್ಲಿ ತುಂಬಿಕೊಂಡಿರುತ್ತವೆ. ವಿದ್ಯುತ್ ಸಂಕೇತ ತುದಿಗೆ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಗುಳ್ಳೆಗಳು ಹೊರಗೋಡೆಗೆ ಅಂಟಿ ಒಡೆಯುತ್ತವೆ, ರಾಸಾಯನಿಕ ಸಂದಿಗೆ ಬೀಳುತ್ತದೆ. ಆಚೆ ದಡದಲ್ಲಿ ಅದನ್ನು ಹಿಡಿಯುವ ಪ್ರೋಟೀನ್‌ಗಳಿವೆ, ಅವುಗಳ ಹೆಸರು ಗ್ರಾಹಕಗಳು. ಹಿಡಿದರೆ ಅಂಗ ತನ್ನ ಕೆಲಸ ಮಾಡುತ್ತದೆ.

ಹೇಳುವುದು ಎಷ್ಟು ಮುಖ್ಯವೋ ಹೇಳಿದ್ದನ್ನು ಅಳಿಸುವುದೂ ಅಷ್ಟೇ ಮುಖ್ಯ. ಇಲ್ಲವಾದರೆ ಒಂದು ಸಲ ಬಂದ ಆದೇಶ ನಿಲ್ಲುವುದೇ ಇಲ್ಲ. ನಾರ್‌ಅಡ್ರಿನಲಿನ್‌ನ ಬಹುಪಾಲನ್ನು ಅದೇ ನರ ವಾಪಸ್ ಹೀರಿಕೊಳ್ಳುತ್ತದೆ. ಅಸಿಟೈಲ್‌ಕೋಲಿನ್ನನ್ನು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅಲ್ಲೇ ಕತ್ತರಿಸಿಹಾಕುತ್ತದೆ. ಈ ಕಿಣ್ವದ ಒಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಮುರಿಯಬಲ್ಲದು.

ಹೊಗೆಸೊಪ್ಪು, ಅಡಿಕೆ, ಉಮ್ಮತ್ತಿ

ಒಂದೇ ಅಸಿಟೈಲ್‌ಕೋಲಿನ್ ಹೃದಯವನ್ನು ನಿಧಾನ ಮಾಡುತ್ತದೆ, ಕರುಳನ್ನು ಚುರುಕು ಮಾಡುತ್ತದೆ. ಹೇಗೆ ಸಾಧ್ಯ? ಏನಾಗಬೇಕು ಎಂದು ತೀರ್ಮಾನಿಸುವುದು ರಾಸಾಯನಿಕವಲ್ಲ, ಅದನ್ನು ಹಿಡಿಯುವ ಗ್ರಾಹಕ. ಇಡೀ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಸಿಟೈಲ್‌ಕೋಲಿನ್ ಹಿಡಿಯುವ ಗ್ರಾಹಕಗಳು ಎರಡು ಬಗೆ. ನಿಕೋಟಿನಿಕ್ ಬಗೆಯವು ನರಗಂಟುಗಳಲ್ಲೂ ಕೈಕಾಲಿನ ಸ್ನಾಯುಗಳಲ್ಲೂ ಇವೆ, ಕ್ಷಣಾರ್ಧದಲ್ಲಿ ಕೆಲಸ ಮಾಡುತ್ತವೆ. ಮಸ್ಕರಿನಿಕ್ ಬಗೆಯವು ಹೃದಯ, ಕರುಳು, ಶ್ವಾಸನಾಳ, ಕಣ್ಣು, ಗ್ರಂಥಿಗಳಲ್ಲಿವೆ, ಸ್ವಲ್ಪ ನಿಧಾನ. ಈ ಹೆಸರುಗಳು ಬಂದಿದ್ದು ಆಯಾ ಗ್ರಾಹಕವನ್ನು ಕೆರಳಿಸುವ ಸಸ್ಯ ಮತ್ತು ಅಣಬೆಯ ರಸಗಳಿಂದ. ಮಸ್ಕರಿನ್ ಒಂದು ವಿಷದ ಅಣಬೆಯಿಂದ ಬಂದದ್ದು, ನಿಕೋಟಿನ್ ಹೊಗೆಸೊಪ್ಪಿನಿಂದ. ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲೆ 19ನೇ ಶತಮಾನದ ಕೊನೆಯಲ್ಲಿ ಪ್ರಾಣಿಗಳ ಒಂದೊಂದೇ ನರಗಂಟಿಗೆ ನಿಕೋಟಿನ್ ಹಚ್ಚಿ, ಯಾವ ನರ ಎಲ್ಲಿ ಬದಲಾಯಿಸಿಕೊಳ್ಳುತ್ತದೆ ಎಂಬ ನಕ್ಷೆಯನ್ನೇ ತಯಾರಿಸಿದರು. ಹಚ್ಚಿದ ಮೇಲೆ ಸಂಕೇತ ಮುಂದೆ ಹೋಗದಿದ್ದರೆ ಬದಲಾವಣೆ ಅಲ್ಲೇ ಅಂತ ಲೆಕ್ಕ. ಈ ವ್ಯವಸ್ಥೆಗೆ 1898ರಲ್ಲಿ ಸ್ವಾಯತ್ತ ಎಂಬ ಅರ್ಥದ ಹೆಸರಿಟ್ಟವರೂ ಅವರೇ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಹೀಗೆ ಬೆಳೆಯುವ ಕಡೆಗಳಲ್ಲೆಲ್ಲ ಮಳೆ, ಇಬ್ಬನಿಯಲ್ಲಿ ನೆಂದ ಹಸಿ ಎಲೆ ಮುರಿಯುವ ಕೂಲಿಕಾರರಿಗೆ ವಾಂತಿ, ತಲೆಸುತ್ತು ಬರುವುದುಂಟು. ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಒಳಗೆ ಹೋಗುತ್ತದೆ, ಸಿಗರೇಟು ಬೀಡಿ ಮುಟ್ಟದವರಿಗೂ.

ಅಡಿಕೆಯದು ಇನ್ನೊಂದು ಬಗೆ. ಅಭ್ಯಾಸವಿಲ್ಲದವರಿಗೆ ಕೆಲವೊಮ್ಮೆ ಅಡಿಕೆ ಸೊಕ್ಕುತ್ತದೆ ಅಲ್ವಾ? ಮೈ ಬಿಸಿಯಾಗಿ ಬೆವರುತ್ತದೆ, ಬಾಯಲ್ಲಿ ಜೊಲ್ಲು ತುಂಬುತ್ತದೆ, ತಲೆ ತಿರುಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಮಸ್ಕರಿನಿಕ್ ಗ್ರಾಹಕವನ್ನು ಕೆರಳಿಸುವುದೇ ಇದಕ್ಕೆ ಮುಖ್ಯ ಕಾರಣ. ಬಾಯಿ ಕ್ಯಾನ್ಸರಿಗೂ ಅಡಿಕೆ ಕಾರಣ ಎಂಬುದು ಬೇರೆ ವಿಷಯ, ಆದರೆ ಹೇಳದೆ ಬಿಡುವಂಥದ್ದಲ್ಲ.

ಉಮ್ಮತ್ತಿ ಕಾಯಿ ಇದಕ್ಕೆ ನೇರ ವಿರುದ್ಧ. ಅದರಲ್ಲಿರುವ ಅಟ್ರೋಪಿನ್ ಮತ್ತು ಅದರ ಬಳಗದ ವಸ್ತುಗಳು ಮಸ್ಕರಿನಿಕ್ ಗ್ರಾಹಕದ ಮೇಲೆ ಕೂತು, ಅಸಿಟೈಲ್‌ಕೋಲಿನ್ ಬಂದರೂ ಜಾಗ ಬಿಡುವುದಿಲ್ಲ. ಮಕ್ಕಳು ಗೊತ್ತಿಲ್ಲದೆ ತಿಂದರೆ ಬಾಯಿ ಒಣಗುತ್ತದೆ, ಬೆವರು ನಿಂತು ಮೈ ಕಾಯುತ್ತದೆ, ಪಾಪೆ ಅಗಲವಾಗುತ್ತದೆ, ಎದೆ ಬಡಿತ ಏರುತ್ತದೆ, ಮೂತ್ರ ಕಟ್ಟುತ್ತದೆ, ಏನೇನೋ ಬಡಬಡಿಸುತ್ತಾರೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಾರ್‌ಅಡ್ರಿನಲಿನ್ ಮತ್ತು ಅಡ್ರಿನಲಿನ್ ಹಿಡಿಯುವ ಗ್ರಾಹಕಗಳಿಗೆ ಆಲ್ಫಾ, ಬೀಟಾ ಅಂತ ಹೆಸರು. ಆಲ್ಫಾ 1 ರಕ್ತನಾಳವನ್ನು ಬಿಗಿ ಮಾಡುತ್ತದೆ. ಬೀಟಾ 1 ಹೃದಯವನ್ನು ಜೋರು ಮಾಡುತ್ತದೆ. ಬೀಟಾ 2 ಶ್ವಾಸನಾಳವನ್ನು ಸಡಿಲಿಸುತ್ತದೆ.

ಅಳಿಸುವ ಕಿಣ್ವ ನಿಂತುಹೋದರೆ

ಈಗ ಮತ್ತೆ ಹೊಲಕ್ಕೆ ಬರೋಣ. ಕ್ಲೋರೋಪೈರಿಫಾಸ್, ಮಾನೋಕ್ರೋಟೋಫಾಸ್, ಕ್ವಿನಾಲ್‌ಫಾಸ್, ಮೆಲಾಥಿಯಾನ್ ಇವೆಲ್ಲ ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳು. ಇವು ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಹುಳ ಸಾಯುವುದೂ ಹೀಗೆಯೇ. ಹುಳಕ್ಕೂ ನಮಗೂ ಈ ಕಿಣ್ವ ಹೆಚ್ಚು ಕಡಿಮೆ ಒಂದೇ ತರ ಇರುವುದೇ ತೊಂದರೆ. ಕಾರ್ಬೋಫ್ಯೂರಾನ್‌ನಂಥ ಕಾರ್ಬಮೇಟ್‌ಗಳೂ ಇದೇ ಕಿಣ್ವವನ್ನು ಹಿಡಿಯುತ್ತವೆ, ಆದರೆ ಆಮೇಲೆ ತಾವಾಗಿ ಬಿಡುತ್ತವೆ. ಎಲ್ಲ ಕೀಟನಾಶಕಗಳೂ ಹೀಗಲ್ಲ. ಅದಕ್ಕೇ ಯಾವ ಔಷಧಿ ಎಂಬುದು ಡಾಕ್ಟರಿಗೆ ಗೊತ್ತಾಗಲೇಬೇಕು.

ಕಿಣ್ವ ನಿಂತರೆ ಅಸಿಟೈಲ್‌ಕೋಲಿನ್ ಸಂದಿಯಲ್ಲಿ ಕೂಡುತ್ತಲೇ ಹೋಗುತ್ತದೆ. ಮಸ್ಕರಿನಿಕ್ ಗ್ರಾಹಕ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೆಲಸ ಅತಿಯಾಗುತ್ತದೆ. ಪಾಪೆ ಕುಗ್ಗುತ್ತದೆ, ಕಣ್ಣೀರು, ಜೊಲ್ಲು, ಬೆವರು ಸುರಿಯುತ್ತದೆ, ವಾಂತಿ ಭೇದಿ ಆಗುತ್ತದೆ, ನಾಡಿ ನಿಧಾನವಾಗುತ್ತದೆ. ಎಲ್ಲಕ್ಕಿಂತ ಅಪಾಯ ಎದೆಯದು. ಶ್ವಾಸನಾಳ ಬಿಗಿಯಾಗಿ, ಒಳಗೆಲ್ಲ ನೀರು ತುಂಬಿ ಉಸಿರು ಕಟ್ಟುತ್ತದೆ.

ಆಗ ಕೊಡುವುದು ಅಟ್ರೋಪಿನ್. ಉಮ್ಮತ್ತಿಯಲ್ಲಿ ವಿಷವಾಗಿದ್ದ ವಸ್ತುವೇ ಇಲ್ಲಿ ಜೀವ ಉಳಿಸುತ್ತದೆ. ಅದು ಕೀಟನಾಶಕವನ್ನು ಹೊರಗೆ ಹಾಕುವುದಿಲ್ಲ, ಕಿಣ್ವವನ್ನು ಸರಿ ಮಾಡುವುದೂ ಇಲ್ಲ. ಗ್ರಾಹಕವನ್ನು ಮುಚ್ಚುತ್ತದೆ, ಅಷ್ಟೇ. ಎಷ್ಟು ಕೊಡಬೇಕು ಎಂಬುದಕ್ಕೆ ಮೊದಲೇ ಗೊತ್ತಿರುವ ಲೆಕ್ಕ ಇಲ್ಲ. ಐದೈದು ನಿಮಿಷಕ್ಕೆ ನೋಡಿ, ಸಾಲದಿದ್ದರೆ ಪ್ರಮಾಣವನ್ನು ಇಮ್ಮಡಿ ಮಾಡುತ್ತಾ ಹೋಗುತ್ತಾರೆ. ಎದೆಯ ಗೊರಗೊರ ನಿಲ್ಲಬೇಕು, ನಾಡಿ 80 ದಾಟಬೇಕು, ಬಿಪಿ ಏರಬೇಕು, ಕಂಕುಳು ಒಣಗಬೇಕು. ಬೆವರಿನ ಗ್ರಂಥಿಗೆ ಬರುವುದು ಅಸಿಟೈಲ್‌ಕೋಲಿನ್ ಅಂತ ಆಗಲೇ ಹೇಳಿದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಂಕುಳು ಒಣಗಿದೆ ಅಂದರೆ ಅಟ್ರೋಪಿನ್ ಸಾಕಷ್ಟು ಗ್ರಾಹಕಗಳನ್ನು ಮುಚ್ಚಿದೆ ಎಂಬುದಕ್ಕೆ ಅದೂ ಒಂದು ಗುರುತು. ಯಾವ ಯಂತ್ರವೂ ಬೇಡ, ಬೆರಳು ಸಾಕು.

ಅಟ್ರೋಪಿನ್ ಮುಟ್ಟದ ಒಂದು ಜಾಗ ಇದೆ. ಸ್ನಾಯುಗಳಲ್ಲಿರುವುದು ನಿಕೋಟಿನಿಕ್ ಗ್ರಾಹಕ, ಅದರ ಮೇಲೆ ಅಟ್ರೋಪಿನ್ ಆಟ ನಡೆಯುವುದಿಲ್ಲ. ಸ್ನಾಯುಗಳು ಮೊದಲು ಅದುರುತ್ತವೆ, ಆಮೇಲೆ ಸೋಲುತ್ತವೆ. ಎದ್ದು ಕೂತು ಮಾತಾಡುತ್ತಿದ್ದವರಿಗೂ ಒಂದರಿಂದ ನಾಲ್ಕು ದಿನಗಳ ಒಳಗೆ ಉಸಿರಾಟದ ಸ್ನಾಯುಗಳು ಸೋಲಬಹುದು. ಅದಕ್ಕೇ ಡಾಕ್ಟರು, ನರ್ಸಮ್ಮ ಬಂದಾಗಲೆಲ್ಲ ದಿಂಬಿನಿಂದ ತಲೆ ಎತ್ತಿ ಅಂತ ಹೇಳುವುದು. ಕತ್ತು ಎತ್ತಲು ಆಗದಿದ್ದರೆ ಅದು ಮೊದಲ ಎಚ್ಚರಿಕೆ, ವೆಂಟಿಲೇಟರ್ ಬೇಕಾಗಬಹುದು. ಈಗ ಹುಷಾರಾಗಿದ್ದಾರಲ್ಲ ಅಂತ ಮನೆಯವರು ಒತ್ತಾಯ ಮಾಡಿ ಡಿಸ್ಚಾರ್ಜ್ ಮಾಡಿಸಬಾರದು. ಕಿಣ್ವದಿಂದ ವಿಷವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಔಷಧಿ ಇದೆ. ಹೊತ್ತು ಕಳೆದಂತೆ ಆ ಅಂಟು ಗಟ್ಟಿಯಾಗುವುದರಿಂದ ತಡವಾದರೆ ಅದು ಫಲ ಕೊಡುವುದಿಲ್ಲ, ಬೇಗ ಕೊಟ್ಟರೂ ಎಲ್ಲರಿಗೂ ಒಂದೇ ತರ ಕೆಲಸ ಮಾಡುವುದಿಲ್ಲ.

ಹೊಲದಲ್ಲಿ ಯಾರಿಗಾದರೂ ಹೀಗಾದರೆ ಮೊದಲು ಗಾಳಿ ಬೀಸುವ ಕಡೆಗೆ ಕರೆದುಕೊಂಡು ಬನ್ನಿ. ಒದ್ದೆ ಬಟ್ಟೆ ಪೂರ್ತಿ ತೆಗೆಯಿರಿ. ಸೋಪು ಹಚ್ಚಿ ನೀರಲ್ಲಿ ಮೈ ತೊಳೆಯಿರಿ, ಕೂದಲು ಮತ್ತು ಉಗುರಿನ ಸಂದಿ ಮರೆಯಬೇಡಿ. ತೊಳೆಯುವವರೂ ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು. ವಾಂತಿ ಮಾಡಿಸಬೇಡಿ, ಹಾಲು, ಎಣ್ಣೆ ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನು ಮುಚ್ಚಿ ಕವರಿನಲ್ಲಿ ಹಾಕಿ ಜೊತೆಗೇ ಒಯ್ಯಿರಿ. ಅದರ ಚೀಟಿಯಲ್ಲಿ ಒಳಗಿರುವ ವಸ್ತುವಿನ ಹೆಸರು ಇರುತ್ತದೆ, ಪ್ರತಿವಿಷ ಯಾವುದೆಂದೂ ಬರೆದಿರುತ್ತದೆ. ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ, ಕೆಂಪು ಎಲ್ಲಕ್ಕಿಂತ ಅಪಾಯ.

ಕರುಳಿಗೆ ಅದರದೇ ನರಜಾಲ

ಸ್ವಾಯತ್ತ ನರಮಂಡಲಕ್ಕೆ ಮೂರನೆಯ ಭಾಗವೂ ಇದೆ. ಅನ್ನನಾಳದಿಂದ ಗುದದವರೆಗೆ ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ಕತ್ತರಿಸಿದರೂ ಈ ಜಾಲ ಊಟವನ್ನು ಮುಂದೆ ತಳ್ಳುತ್ತಲೇ ಇರುತ್ತದೆ. ಉಳಿದೆರಡು ಭಾಗಗಳು ಇದಕ್ಕೆ ಜೋರು, ನಿಧಾನ ಅಂತ ಸೂಚನೆ ಕೊಡುತ್ತವೆ.

ಸಕ್ಕರೆ ಕಾಯಿಲೆಯಲ್ಲಿ ಈ ನರಗಳು ಸವೆದರೆ

ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದ ಜೋಮು ಹಿಡಿಯುವುದು ಎಲ್ಲರಿಗೂ ಗೊತ್ತು. ಸ್ವಾಯತ್ತ ನರಗಳೂ ಹಾಗೆಯೇ ಸವೆಯುತ್ತವೆ, ಅದರ ಮಾತು ಕಡಿಮೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಕಾಯಿಲೆಯ ಲಕ್ಷಣ. ಊಟ ಹೊಟ್ಟೆಯಲ್ಲೇ ನಿಂತು ಎರಡು ತುತ್ತಿಗೇ ತುಂಬಿದಂತಾಗಬಹುದು. ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು, ಏಕೆಂದರೆ ಹೃದಯದ ನೋವಿನ ಸುದ್ದಿ ತರುವ ತಂತುಗಳೂ ಈ ನರಗಳ ಜೊತೆಗೇ ಸಾಗುತ್ತವೆ. ಬಿಪಿ ನೋಡಿಸಿಕೊಳ್ಳುವಾಗ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿ ಅಂತ ಕೇಳಲು ಸಂಕೋಚ ಪಡಬೇಡಿ.

ಮನೆಯ ಮಾತ್ರೆ ಡಬ್ಬಿ

ದಮ್ಮಿನ ಇನ್‌ಹೇಲರಿನಲ್ಲಿರುವ ಸಾಲ್ಬುಟಮಾಲ್ ಬೀಟಾ 2 ಗ್ರಾಹಕವನ್ನು ಕೆರಳಿಸಿ ಶ್ವಾಸನಾಳ ತೆರೆಯುತ್ತದೆ. ಜಾಸ್ತಿ ಎಳೆದರೆ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದೇ ಬಳಗದ ಗ್ರಾಹಕಗಳು ಬೇರೆ ಕಡೆಯೂ ಇರುವುದರಿಂದ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೋಸಿನ್ ಆಲ್ಫಾ 1 ಮುಚ್ಚಿ ಮೂತ್ರದ ದಾರಿ ಸಡಿಲಿಸುತ್ತದೆ. ರಕ್ತನಾಳವೂ ಸ್ವಲ್ಪ ಸಡಿಲವಾಗುವುದರಿಂದ ರಾತ್ರಿ ಎದ್ದಾಗ ತಲೆ ಸುತ್ತಬಹುದು. ನೆಗಡಿಗೆ ಅಂಗಡಿಯಲ್ಲಿ ಸಿಗುವ ಹಳೆಯ ಬಗೆಯ ಕ್ಲೋರ್‌ಫೆನಿರಮಿನ್ ಮಾತ್ರೆಗೆ ಅಟ್ರೋಪಿನ್ನಿನ ಗುಣ ಸ್ವಲ್ಪ ಇದೆ. ವಯಸ್ಸಾದವರಿಗೆ ಅದರಿಂದ ಮೂತ್ರ ಕಟ್ಟಬಹುದು, ಗಲಿಬಿಲಿ ಆಗಬಹುದು. ಅಜ್ಜನಿಗೆ ಇದ್ದಕ್ಕಿದ್ದಂತೆ ಮರೆವು ಬಂತು ಅಂದುಕೊಳ್ಳುವ ಮೊದಲು ಹೊಸದಾಗಿ ಯಾವ ಮಾತ್ರೆ ಶುರುವಾಯಿತು ನೋಡಿ.

ಬೀಟಾ ಗ್ರಾಹಕವನ್ನು ಮುಚ್ಚುವ ಮಾತ್ರೆಗಳು ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್. ಇವುಗಳಲ್ಲಿ ಪ್ರೊಪ್ರನೊಲಾಲ್ ಅನ್ನು 1960ರ ದಶಕದಲ್ಲಿ ತಂದ ಜೇಮ್ಸ್ ಬ್ಲಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಇನ್ಸುಲಿನ್ ತೆಗೆದುಕೊಳ್ಳುವವರು ಈ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಒಂದು ವಿಷಯ ತಿಳಿದಿರಬೇಕು. ಸಕ್ಕರೆ ಇಳಿದಾಗ ಸಾಮಾನ್ಯವಾಗಿ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬೀಟಾ ಮುಚ್ಚಿದ್ದರೆ ಈ ಎರಡೂ ಎಚ್ಚರಿಕೆಗಳು ಮಂಕಾಗುತ್ತವೆ. ಬೆವರು ಮಾತ್ರ ಬರುತ್ತದೆ, ಏಕೆಂದರೆ ಬೆವರಿನ ಗ್ರಂಥಿ ಕೇಳುವುದು ಅಸಿಟೈಲ್‌ಕೋಲಿನ್ ಮಾತು. ಕಾರಣವಿಲ್ಲದೆ ತಣ್ಣನೆ ಬೆವರು ಬಂದರೆ ಕೂಡಲೇ ಸಕ್ಕರೆ ಪರೀಕ್ಷೆ ಮಾಡಿಕೊಳ್ಳಬೇಕು. ಯಂತ್ರ ಹತ್ತಿರ ಇಲ್ಲದಿದ್ದರೆ ಸಿಹಿ ತಿನ್ನಬೇಕು.

ಕಣ್ಣಿನ ಡ್ರಾಪ್ಸ್ ಔಷಧಿಯೇ ಅಲ್ಲ ಎಂಬಂತೆ ಎಷ್ಟೋ ಜನ ಡಾಕ್ಟರಿಗೆ ಹೇಳುವುದಿಲ್ಲ. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕೂಡ ಬೀಟಾ ಮುಚ್ಚುವ ಔಷಧಿ. ಕಣ್ಣಿನಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರಿ ನಾಡಿಯನ್ನು ನಿಧಾನ ಮಾಡಬಲ್ಲದು, ದಮ್ಮು ಇರುವವರಿಗೆ ದಮ್ಮು ಕೆರಳಿಸಬಲ್ಲದು. ದಮ್ಮು ಅಥವಾ ಹೃದಯದ ತೊಂದರೆ ಇದ್ದರೆ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಔಷಧಿ ಮೂಗಿಗೆ ಇಳಿಯುವುದು ಕಡಿಮೆಯಾಗುತ್ತದೆ, ಕಣ್ಣಿನಲ್ಲೇ ಜಾಸ್ತಿ ಉಳಿಯುತ್ತದೆ.